ಕಾಲೇಜು ಪ್ರವೇಶ: ಸನ್ಮಾನಕ್ಕೆ ಮೊದಲು ಮಾರ್ಗದರ್ಶನ ಸಿಗಲಿ

ಹತ್ತನೇ ಹಾಗೂ ಹನ್ನೆರಡನೇ ತರಗತಿಯ ಫಲಿತಾಂಶ ಪ್ರಕಟವಾಯಿತೆಂದರೆ ಪುಣೆಯ ಕನ್ನಡಿಗರ ಸಂಘ ಸಂಸ್ಥೆಗಳಲ್ಲಿ ಚಟುವಟಿಕೆ ಹೆಚ್ಚುತ್ತದೆ. ಅಂಕಪಟ್ಟಿಯ ಪ್ರತಿಯೊಂದಿಗೆ ಅರ್ಜಿ ಸಲ್ಲಿಸುವಂತೆ ಪ್ರಕಟಣೆಗಳು ನಮ್ಮ ಕಚೇರಿಗೂ ಬರುತ್ತವೆ. ಮುಂದೆ ಜುಲೈ, ಆಗಸ್ಟ್ ತಿಂಗಳಲ್ಲಿ ಒಂದೊಂದು ಸಭಾಗೃಹದಲ್ಲಿ ಪ್ರತಿಭಾ ಪುರಸ್ಕಾರ ನಡೆಯುತ್ತದೆ. ವೇದಿಕೆಯಲ್ಲಿ ಗಣ್ಯರು, ದಾನಿಗಳು, ಪದಾಧಿಕಾರಿಗಳು. ಮಕ್ಕಳಿಗೆ ಶಾಲು, ಸ್ಮರಣಿಕೆ, ಒಂದು ಲಕೋಟೆ. ಹೆತ್ತವರ ಮುಖದಲ್ಲಿ ಸಂತಸ. ಇದು ಒಳ್ಳೆಯ ಸಂಪ್ರದಾಯವೇ ಸರಿ, ನಿಲ್ಲಬಾರದು. ಆದರೆ ಈ ಸಮಾರಂಭ ನಡೆಯುವ ಹೊತ್ತಿಗೆ ಕಾಲೇಜು ಪ್ರವೇಶ ಬಹುತೇಕ ಮುಗಿದಿರುತ್ತದೆ. ಯಾವ ಕಾಲೇಜು, ಎಷ್ಟು ಶುಲ್ಕ, ಯಾವ ಕಾಗದ, ಯಾರ ಸಾಲ ಎಂಬ ಪ್ರಶ್ನೆಗಳಿಗೆ ಹೆತ್ತವರು ತಮಗೆ ತೋಚಿದ ಉತ್ತರ ಕಂಡುಕೊಂಡಿರುತ್ತಾರೆ. ಎಷ್ಟೋ ಸಲ ಆ ಉತ್ತರ ತಪ್ಪಾಗಿರುತ್ತದೆ.

ಪುಣೆಯಲ್ಲಿ ಒಳ್ಳೆಯ ಕಾಲೇಜು ಮಧ್ಯಮ ಹಾಗೂ ಬಡ ವರ್ಗದವರಿಗೆ ಎಟುಕುವುದಿಲ್ಲ ಎಂಬ ಮಾತು ನಮ್ಮವರಲ್ಲಿ ಬೇರೂರಿದೆ. ಇದು ಅರ್ಧ ಸತ್ಯ. ಎಟುಕುವ ಸೀಟುಗಳು ಈ ನಗರದಲ್ಲಿ ಇವೆ. ಅವು ಹಣಕ್ಕಿಂತ ಹೆಚ್ಚಾಗಿ ಕಾಗದಪತ್ರ ಮತ್ತು ಗಡುವಿನ ತಿಥಿಯನ್ನು ಕೇಳುತ್ತವೆ. ಇವೆರಡರಲ್ಲೂ ಹಿಂದೆ ಬೀಳುವವರು ಊರು ಬಿಟ್ಟು ಬಂದ ನಮ್ಮಂಥವರೇ. ನಮ್ಮ ಸಂಘಗಳು ನಿಜವಾಗಿ ಕೈಹಿಡಿಯಬೇಕಾದದ್ದು ಇಲ್ಲಿ.

ವಿದ್ಯೆಗಾಗಿ ಪುಣೆಗೆ ಬರುವುದು ಕನ್ನಡಿಗರಿಗೆ ಹೊಸದಲ್ಲ. ಫರ್ಗ್ಯುಸನ್ ಕಾಲೇಜು ಆರಂಭವಾದದ್ದು 1885ರಲ್ಲಿ. ಧಾರವಾಡದಲ್ಲಿ ಕರ್ನಾಟಕ ಕಾಲೇಜು ತೆರೆದದ್ದು 1917ರಲ್ಲಿ. ಅಲ್ಲಿಯವರೆಗೆ ಮುಂಬಯಿ ಕರ್ನಾಟಕದ ಹುಡುಗರು ಪದವಿ ಬೇಕೆಂದರೆ ಪುಣೆಯ ಅಥವಾ ಮುಂಬಯಿಯ ದಾರಿ ಹಿಡಿಯಬೇಕಿತ್ತು. ವರಕವಿ ದ.ರಾ. ಬೇಂದ್ರೆಯವರು 1918ರಲ್ಲಿ ಬಿ.ಎ. ಮುಗಿಸಿದ್ದು ಇದೇ ಫರ್ಗ್ಯುಸನ್‌ನಲ್ಲಿ. ಆ ಕಾಲದ ಬಡ ವಿದ್ಯಾರ್ಥಿಗಳು ವಾರಾನ್ನ ಉಂಡು, ದಿನಕ್ಕೊಂದು ಮನೆಯ ಊಟದಲ್ಲಿ ಓದಿದರು. ಅಂಥ ಮಕ್ಕಳಿಗಾಗಿಯೇ ಪುಣೆಯಲ್ಲಿ 1909ರಲ್ಲಿ ಅನಾಥ ವಿದ್ಯಾರ್ಥಿ ಗೃಹ ಹುಟ್ಟಿತು. ಇಂದಿನ ಪುಣೆ ವಿದ್ಯಾರ್ಥಿ ಗೃಹ ಅದೇ. ಬೆಳಗಾವಿಯಲ್ಲಿ ಏಳು ಮಂದಿ ಶಿಕ್ಷಕರು ಸೇರಿ 1916ರಲ್ಲಿ ಕೆ.ಎಲ್.ಇ. ಸಂಸ್ಥೆ ಕಟ್ಟಿದರು. ಮುಂಬಯಿಯಲ್ಲಿ ಹಗಲು ಹೋಟೆಲಿನಲ್ಲಿ ದುಡಿದ ಹುಡುಗರಿಗಾಗಿ ನಮ್ಮ ಹಿರಿಯರು ರಾತ್ರಿ ಶಾಲೆ ನಡೆಸಿದರು. ಪುಣೆಯಲ್ಲೇ ಕನ್ನಡ ಸಂಘವು ಡಾ. ಕಲ್ಮಾಡಿ ಶಾಮರಾವ್ ಶಾಲೆಯಿಂದ ಹಿಡಿದು ಕಾವೇರಿ ಕಾಲೇಜಿನವರೆಗೆ ಸಂಸ್ಥೆಗಳನ್ನು ಬೆಳೆಸಿದೆ. ಹಣ ಇದ್ದವರು ಹಣ ಕೊಟ್ಟರು, ಇಲ್ಲದವರು ಸಮಯ ಕೊಟ್ಟರು. ಇಂದು ನಮ್ಮಲ್ಲಿ ಹಣ ಕೊಡುವವರಿಗೆ ಬರವಿಲ್ಲ. ಸಮಯ ಮತ್ತು ತಿಳಿವಳಿಕೆ ಕೊಡುವವರು ಕಡಿಮೆಯಾಗಿದ್ದಾರೆ.

ಡೊನೇಶನ್ ಸೀಟಿನ ಆಕರ್ಷಣೆ

1983ರಲ್ಲಿ ಮಹಾರಾಷ್ಟ್ರ ಸರಕಾರ ಅನುದಾನರಹಿತ ಇಂಜಿನಿಯರಿಂಗ್ ಕಾಲೇಜುಗಳಿಗೆ ಬಾಗಿಲು ತೆರೆಯಿತು. ಆ ಬಳಿಕ ಪುಣೆಯ ಸುತ್ತ ಗುಡ್ಡಕ್ಕೊಂದು ಕಾಲೇಜು ಎದ್ದಿತು. ಸೀಟುಗಳು ಹೆಚ್ಚಿದವು, ಜೊತೆಗೆ ಸೀಟಿನ ವ್ಯಾಪಾರವೂ ಹೆಚ್ಚಿತು. ಡೊನೇಶನ್ ಪಡೆಯುವುದನ್ನು ನಿಷೇಧಿಸುವ ಕಾನೂನು ಕರ್ನಾಟಕದಲ್ಲಿ 1984ರಲ್ಲಿ, ಮಹಾರಾಷ್ಟ್ರದಲ್ಲಿ 1987ರಲ್ಲಿ ಬಂದಿದೆ. ಆದರೂ ಫಲಿತಾಂಶದ ಮರುದಿನದಿಂದ ಹೆತ್ತವರಿಗೆ ಫೋನ್ ಕರೆಗಳು ಬರುತ್ತವೆ. ಸೀಟು ಇವತ್ತೇ ಬುಕ್ ಮಾಡಿ, ನಾಳೆ ಸಿಗುವುದಿಲ್ಲ ಎಂಬ ಅವಸರ. ಹೋಟೆಲಿನಲ್ಲಿ ದಿನಕ್ಕೆ ಹದಿನಾಲ್ಕು ಗಂಟೆ ದುಡಿಯುವ, ಭೋಸರಿ ಚಾಕಣದ ಕಾರ್ಖಾನೆಗಳಲ್ಲಿ ಪಾಳಿ ಮಾಡುವ, ಕಟ್ಟಡ ಕೆಲಸಕ್ಕೆ ವಿಜಯಪುರ ಕಲಬುರಗಿಯಿಂದ ಬಂದಿರುವ ತಂದೆಗೆ ವಿಚಾರಿಸಲು ಬಿಡುವಿಲ್ಲ. ಭಿಶಿ ಎತ್ತಿ, ಚಿನ್ನ ಅಡವಿಟ್ಟು, ಊರಿನ ಗದ್ದೆಯ ಮೇಲೆ ಸಾಲ ತಂದು ಹಣ ಕಟ್ಟುತ್ತಾರೆ. ನಂತರ ತಿಳಿಯುತ್ತದೆ: ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಸೇರಿದವರಿಗೆ ಸರಕಾರದ ಶುಲ್ಕ ಸಹಾಯ ಇಲ್ಲ. ಅದೇ ಹುಡುಗ ಕೇಂದ್ರೀಕೃತ ಪ್ರವೇಶ ಪ್ರಕ್ರಿಯೆಯ ಮೂಲಕ, ಅಂದರೆ ಕ್ಯಾಪ್ ಸುತ್ತಿನಲ್ಲಿ ಬಂದಿದ್ದರೆ ಅರ್ಧ ಶುಲ್ಕದಲ್ಲಿ ಓದಬಹುದಿತ್ತು.

ಆದ್ದರಿಂದ ಮೊದಲ ಪಾಠ, ಕ್ಯಾಪ್ ಸುತ್ತುಗಳು ಮುಗಿಯುವ ಮೊದಲು ಯಾರಿಗೂ ಹಣ ಕೊಡಬೇಡಿ. ಇಂಜಿನಿಯರಿಂಗ್, ಫಾರ್ಮಸಿಗೆ ಎಂ.ಎಚ್.ಟಿ. ಸಿ.ಇ.ಟಿ. ಇರುವುದು ಎಲ್ಲರಿಗೂ ಗೊತ್ತು. 2024ರಿಂದ ಬಿ.ಬಿ.ಎ., ಬಿ.ಸಿ.ಎ. ಕೋರ್ಸುಗಳಿಗೂ ಸಿ.ಇ.ಟಿ. ಬಂದಿದೆ ಎಂಬುದು ವಾಣಿಜ್ಯ ವಿಭಾಗದ ನಮ್ಮ ಮಕ್ಕಳಲ್ಲಿ ಹಲವರಿಗೆ ತಡವಾಗಿ ತಿಳಿಯುತ್ತದೆ. ಅರ್ಜಿಯ ಗಡುವು ಹನ್ನೆರಡನೆಯ ಫಲಿತಾಂಶಕ್ಕಿಂತ ಮೊದಲೇ ಮುಗಿಯುವುದುಂಟು.

ಅಗ್ಗದ ಸೀಟು ಎಲ್ಲಿದೆ?

ಫರ್ಗ್ಯುಸನ್, ಎಸ್.ಪಿ., ಗರವಾರೆ, ಮಾಡರ್ನ್, ಬಿ.ಎಂ.ಸಿ.ಸಿ. ಮೊದಲಾದ ಹಳೆಯ ಕಾಲೇಜುಗಳಲ್ಲಿ ಸರಕಾರಿ ಅನುದಾನದ ವಿಭಾಗ ಬೇರೆ, ಅನುದಾನರಹಿತ ವಿಭಾಗ ಬೇರೆ. ಕಟ್ಟಡ ಒಂದೇ, ಶುಲ್ಕದಲ್ಲಿ ಅಜಗಜಾಂತರ. ಸಾಮಾನ್ಯ ಬಿ.ಎ., ಬಿ.ಕಾಂ., ಬಿ.ಎಸ್ಸಿ. ಹೆಚ್ಚಾಗಿ ಅನುದಾನಿತ. ಬಿ.ಬಿ.ಎ., ಕಂಪ್ಯೂಟರ್ ಸಂಬಂಧಿತ ಕೋರ್ಸುಗಳು ಹೆಚ್ಚಾಗಿ ಅನುದಾನರಹಿತ. ಅರ್ಜಿ ತುಂಬುವಾಗ "ಇದು ಗ್ರಾಂಟೆಡ್ ವಿಭಾಗವೇ?" ಎಂಬ ಒಂದು ಪ್ರಶ್ನೆ ಕೇಳಿದರೆ ಸಾವಿರಾರು ರೂಪಾಯಿ ಉಳಿಯುತ್ತದೆ.

ಹತ್ತನೆಯ ನಂತರ ಪಾಲಿಟೆಕ್ನಿಕ್ ದಾರಿಯನ್ನೂ ನಮ್ಮವರು ಕಡೆಗಣಿಸಬಾರದು. ಪುಣೆಯ ಸರಕಾರಿ ಪಾಲಿಟೆಕ್ನಿಕ್, 1938ರಿಂದ ನಡೆಯುತ್ತಿರುವ ಕುಸ್ರೋ ವಾಡಿಯಾ ಸಂಸ್ಥೆ ಇವೆಲ್ಲ ಹೆಸರುವಾಸಿ. ಮೂರು ವರ್ಷದ ಡಿಪ್ಲೊಮಾ ಮುಗಿಸಿ ನೇರವಾಗಿ ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರಬಹುದು. ಮನೆಯಲ್ಲಿ ಕಷ್ಟ ಬಂದರೆ ಡಿಪ್ಲೊಮಾದಲ್ಲೇ ಕೆಲಸ ಹಿಡಿಯುವ ಅವಕಾಶವೂ ಇದೆ. 1854ರಲ್ಲಿ ಹುಟ್ಟಿದ, 2022ರಲ್ಲಿ ವಿಶ್ವವಿದ್ಯಾಲಯವಾದ ಸಿ.ಒ.ಇ.ಪಿ.ಯಂಥ ಸಂಸ್ಥೆಗೂ ಈ ದಾರಿಯಿಂದ ತಲುಪಬಹುದು.

ಖಾಸಗಿ ಇಂಜಿನಿಯರಿಂಗ್ ಕಾಲೇಜಿನಲ್ಲೂ ರಿಯಾಯಿತಿ ಇದೆ. ಪ್ರತಿ ಶಾಖೆಯಲ್ಲಿ ಶೇ. 5ರಷ್ಟು ಹೆಚ್ಚುವರಿ ಸೀಟುಗಳು ಬೋಧನಾ ಶುಲ್ಕ ಮನ್ನಾ ಯೋಜನೆಯಡಿ ಇರುತ್ತವೆ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿಯೊಳಗಿದ್ದರೆ ಸಾಕು, ಜಾತಿಯ ಪ್ರಶ್ನೆ ಇಲ್ಲ. ಆದರೆ ಕ್ಯಾಪ್ ಅರ್ಜಿಯಲ್ಲಿ ಆ ಆಯ್ಕೆಯನ್ನು ಗುರುತು ಮಾಡಿರಬೇಕು, ಆದಾಯ ಪತ್ರ ಕೈಯಲ್ಲಿರಬೇಕು. ಇದಲ್ಲದೆ ರಾಜರ್ಷಿ ಛತ್ರಪತಿ ಶಾಹು ಮಹಾರಾಜ ಶಿಕ್ಷಣ ಶುಲ್ಕ ಶಿಷ್ಯವೃತ್ತಿ ಯೋಜನೆಯಡಿ ಅದೇ ಆದಾಯ ಮಿತಿಯ ಸಾಮಾನ್ಯ ವರ್ಗದ ಮಕ್ಕಳಿಗೆ ವೃತ್ತಿಪರ ಕೋರ್ಸಿನ ಅರ್ಧ ಬೋಧನಾ ಶುಲ್ಕವನ್ನು ಸರಕಾರ ಭರಿಸುತ್ತದೆ. 2024-25ರಿಂದ ಈ ಆದಾಯ ಮಿತಿಯೊಳಗಿನ ಆರ್ಥಿಕವಾಗಿ ದುರ್ಬಲ ಹಾಗೂ ಹಿಂದುಳಿದ ವರ್ಗಗಳ ಹೆಣ್ಣುಮಕ್ಕಳಿಗೆ ವೃತ್ತಿಪರ ಕೋರ್ಸುಗಳ ಬೋಧನಾ ಶುಲ್ಕ, ಪರೀಕ್ಷಾ ಶುಲ್ಕ ಪೂರ್ತಿ ಮನ್ನಾ ಆಗಿದೆ. ಡೀಮ್ಡ್ ಹಾಗೂ ಖಾಸಗಿ ವಿಶ್ವವಿದ್ಯಾಲಯಗಳಿಗೆ ಈ ಮನ್ನಾ ಅನ್ವಯಿಸುವುದಿಲ್ಲ. ಹೆಣ್ಣುಮಗಳಿಗೆ ಇಂಜಿನಿಯರಿಂಗ್ ಓದಿಸುವಷ್ಟು ಶಕ್ತಿ ನಮಗಿಲ್ಲ ಎಂದು ಹೇಳುವ ಹೆತ್ತವರು ಇದನ್ನು ಎರಡು ಬಾರಿ ಓದಬೇಕು.

ಖಾಸಗಿ ವೃತ್ತಿಪರ ಕಾಲೇಜುಗಳ ಶುಲ್ಕ ಎಷ್ಟೆಂದು ನಿಗದಿ ಮಾಡಲು 2015ರ ಕಾನೂನಿನಡಿ ಶುಲ್ಕ ನಿಯಂತ್ರಣ ಪ್ರಾಧಿಕಾರ ಇದೆ. ಪ್ರತಿ ಕಾಲೇಜಿನ ಮಂಜೂರಾದ ಶುಲ್ಕ ಅದರ ಜಾಲತಾಣದಲ್ಲಿ ಲಭ್ಯ. ಕಾಲೇಜಿನ ಕಿಟಕಿಯಲ್ಲಿ ಕೇಳಿದ ಮೊತ್ತವನ್ನು ಆ ಪಟ್ಟಿಯೊಂದಿಗೆ ಹೋಲಿಸಿ ನೋಡುವುದು ಪ್ರತಿ ಪಾಲಕರ ಹಕ್ಕು.

ಕಾಗದ ಇಲ್ಲದಿದ್ದರೆ ಎಲ್ಲವೂ ವ್ಯರ್ಥ

ಈ ಸೌಲಭ್ಯಗಳಿಗೆಲ್ಲ ಬೀಗದ ಕೈ ಎಂದರೆ ದಾಖಲೆ. ತಹಶೀಲ್ದಾರರ ಆದಾಯ ಪ್ರಮಾಣಪತ್ರ, ಮಹಾರಾಷ್ಟ್ರದ ಡೊಮಿಸೈಲ್, ಅನ್ವಯಿಸುವವರಿಗೆ ಜಾತಿ ಪ್ರಮಾಣಪತ್ರ ಹಾಗೂ ಅದರ ಸಿಂಧುತ್ವ. ಡೊಮಿಸೈಲ್‌ಗೆ ಸಾಮಾನ್ಯವಾಗಿ 15 ವರ್ಷಗಳ ವಾಸ್ತವ್ಯದ ಪುರಾವೆ ಬೇಕು. ನಮ್ಮ ಹೋಟೆಲ್ ಕಾರ್ಮಿಕರು ಇಪ್ಪತ್ತು ವರ್ಷ ಇಲ್ಲೇ ಇದ್ದರೂ ಮಾಲಕರ ಕೋಣೆಯಲ್ಲಿ ವಾಸ, ರೇಷನ್ ಕಾರ್ಡು ಊರಲ್ಲಿ, ಮತದಾನ ಊರಲ್ಲಿ. ಪುರಾವೆ ಎಲ್ಲಿಂದ ಬರಬೇಕು? ಜೂನ್‌ನಲ್ಲಿ ಸೇತು ಕೇಂದ್ರದ ಮುಂದೆ ಸಾಲು ನಿಂತರೆ ಆ ವರ್ಷ ಕೈತಪ್ಪಿದಂತೆಯೇ. ಮಗು ಎಂಟನೇ ತರಗತಿಯಲ್ಲಿರುವಾಗಲೇ ಈ ಕೆಲಸ ಆರಂಭಿಸಬೇಕು.

ಜಾತಿ ಪ್ರಮಾಣಪತ್ರದ ವಿಷಯದಲ್ಲಿ ನಮ್ಮವರಲ್ಲಿ ದೊಡ್ಡ ಗೊಂದಲವಿದೆ. ಒಂದು ರಾಜ್ಯದ ಪರಿಶಿಷ್ಟ ಜಾತಿ, ಪಂಗಡದವರು ಇನ್ನೊಂದು ರಾಜ್ಯಕ್ಕೆ ವಲಸೆ ಹೋದರೆ ಅಲ್ಲಿ ಆ ಮೀಸಲಾತಿ ಸಿಗುವುದಿಲ್ಲವೆಂದು ಸುಪ್ರೀಂ ಕೋರ್ಟ್ 1990ರಲ್ಲೇ ತೀರ್ಪು ಕೊಟ್ಟಿದೆ. ಆ ಪ್ರಕರಣ ಎದ್ದದ್ದೇ ಮುಂಬಯಿಯ ಜಿ.ಎಸ್. ವೈದ್ಯಕೀಯ ಕಾಲೇಜಿನ ಪ್ರವೇಶದಿಂದ. ಮಹಾರಾಷ್ಟ್ರದಲ್ಲಿ ಜಾತಿ ಪತ್ರ ಬೇಕಾದರೆ ಕುಟುಂಬ ನಿಗದಿತ ದಿನಾಂಕಕ್ಕಿಂತ ಮೊದಲು ಇಲ್ಲಿ ನೆಲೆಸಿದ ದಾಖಲೆ ತೋರಿಸಬೇಕು: ಪರಿಶಿಷ್ಟ ಜಾತಿಗೆ 1950ರ ಆಗಸ್ಟ್ 10, ಪರಿಶಿಷ್ಟ ಪಂಗಡಕ್ಕೆ 1950ರ ಸೆಪ್ಟೆಂಬರ್ 6, ವಿಮುಕ್ತ ಹಾಗೂ ಅಲೆಮಾರಿ ಜಾತಿಗಳಿಗೆ 1961ರ ನವೆಂಬರ್ 21, ಇತರ ಹಿಂದುಳಿದ ವರ್ಗಕ್ಕೆ 1967ರ ಅಕ್ಟೋಬರ್ 13. ವಿಜಯಪುರದ ಲಮಾಣಿ ಕುಟುಂಬ ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ಮಹಾರಾಷ್ಟ್ರದಲ್ಲಿ ಆ ಸಮುದಾಯ ವಿಮುಕ್ತ ಜಾತಿಗಳ ಪಟ್ಟಿಯಲ್ಲಿದೆ. ನಿನ್ನೆ ಮೊನ್ನೆ ಬಂದ ಕುಟುಂಬದ ಮಗುವಿಗೆ ಇಲ್ಲಿ ಎರಡೂ ಸಿಗುವುದಿಲ್ಲ. ಅಜ್ಜನ ಕಾಲದಲ್ಲಿ ಬಂದವರು ಅಜ್ಜನ ಶಾಲಾ ದಾಖಲೆ, ಬಾಡಿಗೆ ಚೀಟಿ ಹುಡುಕಿ ತೆಗೆದರೆ ಸಿಗಬಹುದು. ಪರಿಶಿಷ್ಟರ ಮೂಲ ರಾಜ್ಯದ ಪ್ರಮಾಣಪತ್ರ ಐ.ಐ.ಟಿ., ಎನ್.ಐ.ಟಿ., ಪುಣೆಯಲ್ಲೇ 2006ರಲ್ಲಿ ಆರಂಭವಾದ ಐಸರ್‌ನಂಥ ಕೇಂದ್ರ ಸರಕಾರದ ಸಂಸ್ಥೆಗಳಲ್ಲಿ ಮಾತ್ರ ಉಪಯೋಗಕ್ಕೆ ಬರುತ್ತದೆ. ಈ ಮಾತು ಬಹಳ ಮಂದಿಗೆ ತಿಳಿದಿಲ್ಲ.

ಇನ್ನೊಂದು ಸಣ್ಣ ಸಂಗತಿ. ಭಾಷಾ ಅಲ್ಪಸಂಖ್ಯಾಕ ಕಾಲೇಜುಗಳಲ್ಲಿ ಸುಮಾರು ಅರ್ಧದಷ್ಟು ಸೀಟು ಆ ಭಾಷೆಯ ಮಕ್ಕಳಿಗೆ ಇರುತ್ತದೆ. ಶಾಲೆ ಬಿಟ್ಟ ದಾಖಲೆಯಲ್ಲಿ ಮಾತೃಭಾಷೆಯ ಕಲಂನಲ್ಲಿ ಬರೆದದ್ದೇ ಅದಕ್ಕೆ ಪುರಾವೆಯಾಗುತ್ತದೆ. ಶಾಲೆಗೆ ಸೇರಿಸುವಾಗ ಅನುಕೂಲಕ್ಕೆಂದು ಮರಾಠಿ, ಹಿಂದಿ ಎಂದು ಬರೆಸಿದವರು ಹತ್ತು ವರ್ಷಗಳ ನಂತರ ಕೈಕೈ ಹಿಸುಕಿಕೊಳ್ಳುತ್ತಾರೆ. ಮನೆಯಲ್ಲಿ ಆಡುವ ಭಾಷೆಯನ್ನೇ ಬರೆಸಿ.

ಊರಿನ ಕಡೆಯ ಬಾಗಿಲು

ಇಲ್ಲಿ ಆಗದಿದ್ದರೆ ಊರಿಗೆ ಕಳಿಸುತ್ತೇವೆ ಎಂದುಕೊಳ್ಳುವವರೂ ಇದ್ದಾರೆ. ಕರ್ನಾಟಕದ ಸರಕಾರಿ ಕೋಟಾದ ಸೀಟಿಗೆ ಸಾಮಾನ್ಯ ನಿಯಮ, ವಿದ್ಯಾರ್ಥಿ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿರಬೇಕು. ಪುಣೆಯಲ್ಲೇ ಓದಿದ ಮಗುವಿಗೆ ಅದು ಅನ್ವಯಿಸದು. ಆದರೆ ಬೇರೆ ದಾರಿಗಳಿವೆ. ತಂದೆ ಅಥವಾ ತಾಯಿ ಕರ್ನಾಟಕದಲ್ಲಿ 7 ವರ್ಷ ಓದಿದ್ದರೆ, ಮಗು ಪಿ.ಯು.ಸಿ.ಯ ಎರಡೂ ವರ್ಷಗಳನ್ನು ಅಲ್ಲಿ ಮುಗಿಸಿದರೆ ಅರ್ಹತೆ ಸಿಗುತ್ತದೆ. ಅಪ್ಪನ ಶಾಲೆಯ ದಾಖಲೆ ಊರಿನ ಶಾಲೆಯಲ್ಲಿ ಇನ್ನೂ ಇರುತ್ತದೆ, ರಜೆಗೆ ಹೋದಾಗ ತರಬೇಕಷ್ಟೆ. ಹೊರನಾಡು ಮತ್ತು ಗಡಿನಾಡು ಕನ್ನಡಿಗರಿಗೆ ಪ್ರತ್ಯೇಕ ಅವಕಾಶವೂ ಇದೆ. ಜತ್ತ, ಅಕ್ಕಲಕೋಟೆ, ಸೊಲ್ಲಾಪುರದ ಗಡಿನಾಡಿನಿಂದ ಪುಣೆಗೆ ಬಂದ ಕುಟುಂಬಗಳು ಇದನ್ನು ವಿಶೇಷವಾಗಿ ಗಮನಿಸಬೇಕು. ಇದಕ್ಕಾಗಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಕನ್ನಡ ಭಾಷಾ ಪರೀಕ್ಷೆ ನಡೆಸುತ್ತದೆ. ಷರತ್ತುಗಳನ್ನು ಆಯಾ ವರ್ಷದ ಮಾಹಿತಿ ಪುಸ್ತಿಕೆಯಲ್ಲಿ ಓದಿಕೊಳ್ಳಬೇಕು.

ಇಲ್ಲೊಂದು ವಿಚಾರ. ಮನೆಯಲ್ಲಿ ಕನ್ನಡ, ತುಳು ಆಡಿದರೂ ಓದಲು ಬರೆಯಲು ಬಾರದ ಮಗು ಆ ಪರೀಕ್ಷೆಯಲ್ಲಿ ಏನು ಮಾಡೀತು? ಕನ್ನಡ ಕಲಿತರೆ ಏನು ಲಾಭ ಎಂದು ಕೇಳುವ ಹೆತ್ತವರಿಗೆ ಇದಕ್ಕಿಂತ ನೇರವಾದ ಉತ್ತರ ಬೇಕಿಲ್ಲ. ರವಿವಾರದ ಕನ್ನಡ ತರಗತಿ ಒಂದು ಇಂಜಿನಿಯರಿಂಗ್ ಸೀಟನ್ನೂ ತಂದುಕೊಡಬಹುದು.

ಸಾಲ ಮತ್ತು ಊಟ ವಸತಿ

ಎಲ್ಲ ರಿಯಾಯಿತಿಯ ನಂತರವೂ ಹಣ ಸಾಲದಿದ್ದರೆ ಬ್ಯಾಂಕ್ ಸಾಲ ತಪ್ಪಲ್ಲ. ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 4 ಲಕ್ಷದವರೆಗೆ ಆಸ್ತಿ ಅಡಮಾನ ಬೇಕಿಲ್ಲ. ಅರ್ಹ ಸಾಲಗಳಿಗೆ 7.5 ಲಕ್ಷದವರೆಗೆ ಸರಕಾರದ ಖಾತರಿ ನಿಧಿ ಇದೆ. 2024ರ ನವೆಂಬರ್‌ನಲ್ಲಿ ಮಂಜೂರಾದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಡಿ ರಾಷ್ಟ್ರೀಯ ಶ್ರೇಯಾಂಕದ ಆಯ್ದ ಸಂಸ್ಥೆಗಳಿಗೆ ಸೇರಿದವರಿಗೆ ಜಾಮೀನಿಲ್ಲದೆ ಸಾಲ ಸಿಗುತ್ತದೆ. ಆದರೆ ಲೆಕ್ಕ ಹಾಕದೆ ಸಹಿ ಹಾಕಬಾರದು. ಶೇ. 10 ಬಡ್ಡಿಗೆ 10 ಲಕ್ಷ ರೂಪಾಯಿ ಸಾಲವನ್ನು 10 ವರ್ಷಗಳಲ್ಲಿ ತೀರಿಸಲು ತಿಂಗಳಿಗೆ ಸುಮಾರು 13,200 ರೂಪಾಯಿ ಬೇಕು. ಓದುವ ಕಾಲದ ಬಡ್ಡಿ ಬೇರೆ. ಆ ಕೋರ್ಸು ಮುಗಿಸಿದ ಹುಡುಗನಿಗೆ ಮೊದಲ ಸಂಬಳ ಎಷ್ಟು ಸಿಗುತ್ತದೆಂದು ಆ ಕಾಲೇಜಿನ ಹಳೆಯ ವಿದ್ಯಾರ್ಥಿಗಳಲ್ಲಿ ವಿಚಾರಿಸಿ. ಜಾಹೀರಾತಿನಲ್ಲಿ ಬರುವುದು ಅತಿ ಹೆಚ್ಚಿನ ಸಂಬಳ ಮಾತ್ರ.

ಊರಿನಿಂದ ಅಥವಾ ಗಡಿಭಾಗದಿಂದ ಓದಲು ಬರುವ ಮಕ್ಕಳಿಗೆ ಶುಲ್ಕಕ್ಕಿಂತ ವಸತಿಯೇ ದುಬಾರಿ. 1955ರಲ್ಲಿ ಡಾ. ಅಚ್ಯುತರಾವ್ ಆಪ್ಟೆಯವರು ಕಟ್ಟಿದ ವಿದ್ಯಾರ್ಥಿ ಸಹಾಯಕ ಸಮಿತಿ ಗ್ರಾಮೀಣ ಬಡ ಮಕ್ಕಳಿಗೆ ಕಡಿಮೆ ವೆಚ್ಚದಲ್ಲಿ ಊಟ ವಸತಿ ಕೊಡುತ್ತ ಬಂದಿದೆ. ಸಾವಿತ್ರಿಬಾಯಿ ಫುಲೆ ಪುಣೆ ವಿಶ್ವವಿದ್ಯಾಲಯದಲ್ಲಿ ಕರ್ಮವೀರ ಭಾವೂರಾವ್ ಪಾಟೀಲರ ಹೆಸರಿನ "ಗಳಿಸಿ ಕಲಿ" ಯೋಜನೆಯಿದೆ. ಕಾಲೇಜಿನಲ್ಲೇ ಕೆಲವು ಗಂಟೆ ಕೆಲಸ ಮಾಡಿ ಕೈಖರ್ಚು ದುಡಿಯಬಹುದು. ದುಡಿದು ಓದಿದ ಪರಂಪರೆಯ ನಮಗೆ ಇದರಲ್ಲಿ ಸಂಕೋಚ ಬೇಡ.

ಸಂಘಗಳು ಮಾಡಬೇಕಾದದ್ದು

ಇಷ್ಟೆಲ್ಲವನ್ನೂ ಒಬ್ಬ ಹೋಟೆಲ್ ಕಾರ್ಮಿಕ ಒಂಟಿಯಾಗಿ ತಿಳಿದುಕೊಳ್ಳಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ನಮ್ಮ ಸಮಾಜದಲ್ಲಿ ಪ್ರಾಧ್ಯಾಪಕರಿದ್ದಾರೆ, ಬ್ಯಾಂಕ್ ಅಧಿಕಾರಿಗಳಿದ್ದಾರೆ, ವಕೀಲರು, ಲೆಕ್ಕ ಪರಿಶೋಧಕರು, ಐ.ಟಿ. ಕ್ಷೇತ್ರದ ಯುವಕ ಯುವತಿಯರಿದ್ದಾರೆ. ಸಂಘಗಳು ಇವರನ್ನು ವೇದಿಕೆಯ ಕುರ್ಚಿಗೆ ಮಾತ್ರ ಕರೆಯದೆ ಮೇಜಿನ ಹಿಂದೆ ಕೂರಿಸಲಿ. ಪ್ರತಿ ವರ್ಷ ಡಿಸೆಂಬರ್‌ನಿಂದ ತಿಂಗಳಿಗೊಂದು ರವಿವಾರ ದಾಖಲೆ ಶಿಬಿರ ನಡೆಯಲಿ. ಎಂಟನೆಯಿಂದ ಹನ್ನೆರಡನೆಯವರೆಗಿನ ಮಕ್ಕಳ ಕಾಗದಗಳನ್ನು ಪರಿಶೀಲಿಸಿ, ಏನು ಕೊರತೆಯಿದೆ ಎಂದು ಬರೆದುಕೊಡಲಿ. ಕ್ಯಾಪ್ ಅರ್ಜಿಯ ವಾರಗಳಲ್ಲಿ ಸಂಜೆ ಹೊತ್ತು ಸಂಘದ ಕಚೇರಿಯಲ್ಲಿ ಒಂದು ಕಂಪ್ಯೂಟರ್, ಇಬ್ಬರು ಸ್ವಯಂಸೇವಕರು ಇರಲಿ. ಹೋಟೆಲ್ ಮಾಲಕರು ತಮ್ಮ ಕಾರ್ಮಿಕರಿಗೆ ವಾಸ್ತವ್ಯದ, ವೇತನದ ಪತ್ರ ಕೊಡಲು ಹಿಂದೆಮುಂದೆ ನೋಡದಿರಲಿ. ಮಗನ ಅರ್ಜಿಯ ಕೆಲಸಕ್ಕೆ ಎರಡು ದಿನ ರಜೆ ಕೊಡುವುದೂ ಒಂದು ದಾನವೇ.

ಹಣದ ವಿಚಾರದಲ್ಲೂ ಮರುಚಿಂತನೆ ಬೇಕು. ನೂರು ಮಕ್ಕಳಿಗೆ ತಲಾ 3,000 ರೂಪಾಯಿ ಹಂಚಿದರೆ 3 ಲಕ್ಷ ಒಂದೇ ಸಂಜೆಯಲ್ಲಿ ಖರ್ಚಾಗುತ್ತದೆ. ಯಾವ ಮಗುವಿನ ಶುಲ್ಕವೂ ಅದರಿಂದ ತುಂಬುವುದಿಲ್ಲ. ಅದೇ 3 ಲಕ್ಷವನ್ನು ಪ್ರವೇಶದ ವಾರದಲ್ಲಿ ಹತ್ತು ಮಕ್ಕಳಿಗೆ ತಲಾ 30,000ದಂತೆ ಬಡ್ಡಿಯಿಲ್ಲದ ಕೈಗಡವಾಗಿ ಕೊಟ್ಟರೆ ಹತ್ತು ಸೀಟು ಉಳಿಯುತ್ತದೆ. ಸರಕಾರದ ಶಿಷ್ಯವೃತ್ತಿ ಬಂದಾಗ, ಬ್ಯಾಂಕ್ ಸಾಲ ಮಂಜೂರಾದಾಗ ಹಣ ಮರಳಿ ಬರುತ್ತದೆ. ಮರುವರ್ಷ ಮತ್ತೆ ಹತ್ತು ಮಂದಿಗೆ. ಕೆಲವರಿಂದ ಬಾರದಿರಬಹುದು, ಅಷ್ಟನ್ನು ದಾನವೆಂದು ಬರೆದರಾಯಿತು. ಎಲ್ಲ ಸಂಘಗಳು ತಮ್ಮ ಬಜೆಟ್‌ನ ಒಂದು ಪಾಲನ್ನು ಸೇರಿಸಿ ಜಾತಿ, ಜಿಲ್ಲೆಯ ಭೇದವಿಲ್ಲದೆ ಇಂಥ ಒಂದು ಪರಿಭ್ರಮಣ ನಿಧಿಯನ್ನು ನಡೆಸಿದರೆ ಇನ್ನೂ ಒಳ್ಳೆಯದು. ಕರಾವಳಿಯವರ ಸಂಘಗಳು ಬಲವಾಗಿವೆ. ಕಟ್ಟಡ ಕೆಲಸಕ್ಕೆ ಬಂದ ಉತ್ತರ ಕರ್ನಾಟಕದ ಕುಟುಂಬಗಳ ಬೆನ್ನಿಗೆ ಅಂಥ ಬಲವಿಲ್ಲ. ಅವರ ಮಕ್ಕಳೂ ನಮ್ಮ ಮಕ್ಕಳೇ.

ಹೆತ್ತವರಲ್ಲೂ ಒಂದು ವಿನಂತಿ. ಪಕ್ಕದ ಮನೆಯ ಹುಡುಗ ಕಂಪ್ಯೂಟರ್ ಇಂಜಿನಿಯರಿಂಗ್‌ಗೆ ಸೇರಿದನೆಂದು ನಿಮ್ಮ ಮಗನಿಗೂ ಅದನ್ನೇ ಹಣ ಕೊಟ್ಟು ಕೊಳ್ಳಬೇಡಿ. ಅನುದಾನಿತ ಕಾಲೇಜಿನ ಬಿ.ಕಾಂ., ಸರಕಾರಿ ಪಾಲಿಟೆಕ್ನಿಕ್‌ನ ಡಿಪ್ಲೊಮಾ ಯಾವುದೂ ಕೀಳಲ್ಲ. ಸಾಲವಿಲ್ಲದೆ ಓದು ಮುಗಿಸಿದ ಮಗು ತಾನು ಬಯಸಿದ ಕೆಲಸಕ್ಕಾಗಿ ಕಾಯಬಲ್ಲದು. ಸಾಲದ ಹೊರೆ ಹೊತ್ತ ಮಗು ಸಿಕ್ಕಿದ ಕೆಲಸಕ್ಕೆ ತಲೆಬಾಗಬೇಕಾಗುತ್ತದೆ.

ಪ್ರತಿಭಾ ಪುರಸ್ಕಾರ ನಡೆಯಲಿ, ಶಾಲು ಹೊದಿಸಲಿ, ಚಪ್ಪಾಳೆ ಮೊಳಗಲಿ. ಅದಕ್ಕೆ ಮೊದಲು ಪ್ರತಿ ಸಂಘದ ಕಾರ್ಯಕಾರಿ ಸಮಿತಿ ತನ್ನ ಮುಂದಿನ ಸಭೆಯಲ್ಲಿ ಒಂದು ಪ್ರಶ್ನೆ ಎತ್ತಿಕೊಳ್ಳಲಿ: ಕಳೆದ ವರ್ಷ ನಾವು ಸನ್ಮಾನಿಸಿದ ಮಕ್ಕಳಲ್ಲಿ ಎಷ್ಟು ಮಂದಿ ಈಗ ಯಾವ ಕಾಲೇಜಿನಲ್ಲಿದ್ದಾರೆ, ಎಷ್ಟು ಮಂದಿ ಓದು ಬಿಟ್ಟಿದ್ದಾರೆ? ಪಟ್ಟಿ ಕೈಯಲ್ಲಿದೆ, ದೂರವಾಣಿ ಸಂಖ್ಯೆಗಳೂ ಇವೆ. ಒಂದು ರವಿವಾರ ಕುಳಿತು ಕರೆ ಮಾಡಿದರೆ ಉತ್ತರ ಸಿಗುತ್ತದೆ. ಮುಂದಿನ ವರ್ಷದ ಕೆಲಸ ಅಲ್ಲಿಂದಲೇ ಆರಂಭವಾಗಲಿ.